ತೂತಿನ ಗಡಿಗೆಯೊಳಗಿನ ದೀಪ

ನಾನು ಸೊಸೆಯಾಗಿ ಹೊನ್ನಾವರಕ್ಕೆ ಬಂದದ್ದು ಐವತ್ತೆಂಟರ ಬೇಸಿಗೆಯಲ್ಲಿ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯ ಗಿರಗಾಂವಿನ ಒಂದು ಚಾಳಿನಲ್ಲಿ. ಅಪ್ಪ ಹಿರೇಗುತ್ತಿಯವರು. ಮೀಸೆ ಮೂಡುವ ವಯಸ್ಸಿಗೆ ಹಡಗು ಹತ್ತಿ ಹೋಗಿ ಗಿರಣಿಯೊಂದರಲ್ಲಿ ಕೆಲಸ ಹಿಡಿದವರು ಮತ್ತೆ ಊರಿಗೆ ಬಂದು ನಿಲ್ಲಲಿಲ್ಲ. ಆದರೆ ಮಗಳನ್ನು ಮಾತ್ರ ಊರ ಕಡೆಗೇ ಕೊಡಬೇಕೆಂಬುದು ಅವರ ಹಟ. ಹೀಗಾಗಿ ಟ್ರಾಮಿನ ಗಂಟೆ ಕೇಳಿ ಏಳುತ್ತಿದ್ದ ನಾನು ಶರಾವತಿಯ ಲಾಂಚಿನ ಸದ್ದು ಕೇಳಿ ಏಳುವವಳಾದೆ.

ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮಾವನವರಿಗೆ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯವರ ಮಾತು. ಮಾತು ಅಂದೆನೇ ಹೊರತು ಅವರು ಆಡುತ್ತಿದ್ದದ್ದೇ ಕಡಿಮೆ. ಎತ್ತರದ ಹೆಂಗಸು, ಹಣೆಯಲ್ಲಿ ಕಾಸಗಲ ಕುಂಕುಮ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಿರಲಿಲ್ಲ. ಒಂದು ಸಲ ನನ್ನತ್ತ ನೋಡಿ ಮಜ್ಜಿಗೆಗೆ ಕೈ ಹಾಕುತ್ತಿದ್ದರು. ಅದಕ್ಕಿಂತ ಬೈದರೇ ಮೇಲು ಅಂತ ನನಗೆ ಅನ್ನಿಸುತ್ತಿತ್ತು.

ಮುಂಬಯಿಯಲ್ಲಿ ನಮ್ಮ ಎದುರು ಖೋಲಿಯಲ್ಲಿ ಒಬ್ಬ ಗುಜರಾತಿ ಕಾಕಿ ಇದ್ದರು. ನವರಾತ್ರಿ ಬಂತೆಂದರೆ ಚಾಳಿನ ಅಂಗಳವೆಲ್ಲ ಅವರದೇ. ಮೈತುಂಬ ಸಣ್ಣ ಸಣ್ಣ ತೂತುಗಳಿರುವ ಮಣ್ಣಿನ ಗಡಿಗೆಯೊಂದನ್ನು ತರಿಸಿ, ಅದರೊಳಗೆ ದೀಪ ಹಚ್ಚಿಟ್ಟು, ಅಂಗಳದ ನಡುವೆ ಮಣೆಯ ಮೇಲೆ ಇಡುತ್ತಿದ್ದರು. ಅದರ ಸುತ್ತ ನಾವು ಹೆಂಗಸರು, ಹುಡುಗಿಯರು ಚಪ್ಪಾಳೆ ತಟ್ಟುತ್ತ, ಬಾಗಿ ಏಳುತ್ತ, ಸುತ್ತು ಸುತ್ತು ಕುಣಿಯುವುದು. “ಇದು ಬರೀ ಗಡಿಗೆ ಅಲ್ಲ ಮಗಳೇ, ತಾಯಿಯ ಗರ್ಭ. ಒಳಗಿನ ದೀಪ ಜೀವ. ಇದನ್ನು ಸುತ್ತಿದರೆ ದೇವಿಯನ್ನೇ ಸುತ್ತಿದ ಹಾಗೆ” ಎಂದು ಕಾಕಿ ಹೇಳಿದ್ದರು. ಏಳೆಂಟನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ನಾನು ಒಂದು ನವರಾತ್ರಿಯನ್ನೂ ತಪ್ಪಿಸಿಕೊಂಡವಳಲ್ಲ.

ಹೊನ್ನಾವರದ ಮನೆಯಲ್ಲೂ ನವರಾತ್ರಿ ಇತ್ತು. ದೇವರ ಕೋಣೆಯಲ್ಲಿ ದುರ್ಗೆಯ ಪಟ, ಅದರ ಮುಂದೆ ಕಲಶ, ಭಟ್ಕಳದಿಂದ ಬಸ್ಸು, ಲಾಂಚು ಹತ್ತಿ ಬರುತ್ತಿದ್ದ ಮಲ್ಲಿಗೆಯ ಮಾಲೆ, ಸಂಜೆ ಆರತಿ, ಹೆಸರುಕಾಳಿನ ಉಸಳಿ. ಎಲ್ಲ ಚೊಕ್ಕವಾಗಿ, ಸದ್ದಿಲ್ಲದೆ ನಡೆಯುತ್ತಿತ್ತು. ನನಗೋ ಕಾಲು ನಿಲ್ಲದು. ಮೊದಲ ದಿನವೇ ಅಡುಗೆಮನೆಯಲ್ಲಿ ಮಗುಚಿಟ್ಟಿದ್ದ ಹೊಸ ಗಡಿಗೆಯೊಂದನ್ನು ಹಿತ್ತಲಿಗೆ ಒಯ್ದು, ನಮ್ಮವರ ಕೈವಾರದ ಮೊನೆಯಿಂದ ಕೊರೆಯುತ್ತ ಕೂತೆ. ಒಂದು ಕಡೆ ಬಿರುಕು ಬಿಟ್ಟಿತು. ಆದರೂ ಬೆಳಕು ಬೀಳುವಷ್ಟು ತೂತುಗಳಾದವು. ಅತ್ತೆಗೆ ತೋರಿಸಿದರೆ ಸಂತೋಷಪಡುತ್ತಾರೆ ಎಂದೇ ನಾನು ಎಣಿಸಿದ್ದೆ.

ಮೊದಲು ನೋಡಿದ್ದು ಪಕ್ಕದ ಮನೆಯ ಅಜ್ಜಿ. ಬೇಲಿಯಾಚೆಯಿಂದ ಇಣುಕಿದವರು ಎದೆ ಹೊಡೆದುಕೊಂಡರು.

“ಅಯ್ಯಯ್ಯೋ! ಇದೆಂತ ಮಾರಾಯ್ತಿ! ಹಬ್ಬದ ದಿನ ತೂತಿನ ಗಡಿಗೆ! ನಿಮ್ಮನೇಲಿ ಯಾರಾದ್ರೂ ಹೋದ್ರೇನೆ?”

ನನಗೆ ಅರ್ಥವೇ ಆಗಲಿಲ್ಲ. ಕೂಗು ಕೇಳಿ ಅತ್ತೆ ಹಿತ್ತಲಿಗೆ ಬಂದರು. ಗಡಿಗೆಯನ್ನೂ ನನ್ನನ್ನೂ ನೋಡಿದರು. ಮುಖ ಬಿಳಿಚಿಕೊಂಡಿತು. ಗಡಿಗೆಯನ್ನು ಎತ್ತಿಕೊಂಡು ಹೋಗಿ ಬೇಲಿಯಾಚೆಯ ಹೊಂಡಕ್ಕೆ ಎಸೆದು, ಬಾವಿಯಲ್ಲಿ ನೀರು ಸೇದಿ ತಲೆ ಮೇಲೆ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದೇವರ ಕೋಣೆಗೆ ಹೋದರು.

ಸಂಜೆ ನಮ್ಮವರು ಬಂದ ಮೇಲೆ ವಿವರಿಸಿದರು. ಇಲ್ಲಿ ತೂತಿನ ಗಡಿಗೆ ಬೇಕಾಗುವುದು ಒಂದೇ ಒಂದು ಕೆಲಸಕ್ಕೆ. ಚಿತೆಯ ಸುತ್ತ ತಿರುಗುವಾಗ ಹೆಗಲ ಮೇಲೆ ನೀರು ತುಂಬಿದ ಗಡಿಗೆ ಇಟ್ಟು, ಅದಕ್ಕೆ ತೂತು ಮಾಡಿ, ನೀರು ಸುರಿಯುತ್ತ ನಡೆಯುತ್ತಾರೆ. ನಾನು ಮಸಣ ಕಂಡವಳೇ ಅಲ್ಲ. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲವಲ್ಲ. “ನಿನ್ನ ತಪ್ಪಲ್ಲ ಬಿಡು” ಎಂದರು ನಮ್ಮವರು. ಆ ವರ್ಷದ ನವರಾತ್ರಿಯೆಲ್ಲ ನಾನು ತಲೆಯೆತ್ತದೆ ಉಸಳಿ ಹಂಚಿದೆ.

ಮುಂದಿನ ಮಳೆಗಾಲದಲ್ಲಿ ನನಗೆ ದಿನ ತುಂಬಿತ್ತು. ನೋವು ಶುರುವಾದಾಗ ಹೊರಗೆ ಗಾಳಿ, ಮಳೆ. ಕಷ್ಟದ ಹೆರಿಗೆ ಎಂದು ಸೂಲಗಿತ್ತಿ ಕೈ ಬಿಟ್ಟದ್ದರಿಂದ ಬಾಡಿಗೆ ಕಾರು ಮಾಡಿ ಕುಮಟೆಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಹೆಣ್ಣು ಮಗು. ಅದು ಅಳಲೇ ಇಲ್ಲ.

ಮನೆಗೆ ಮರಳಿದ ಮೇಲೆ ನಾನು ಮಾತು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಎಂಬ ಹೆದರಿಕೆ. ಕಣ್ಣಲ್ಲಿ ನೀರೂ ಇಲ್ಲ. ಕೊಟ್ಟದ್ದನ್ನು ಉಂಡು, ಹೇಳಿದ ಕೆಲಸ ಮಾಡಿ, ಮಿಕ್ಕ ಹೊತ್ತು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಮಳೆ ಇಳಿದು ಬಿಸಿಲು ಕಂಡ ಒಂದು ಮಧ್ಯಾಹ್ನ ಜಗಲಿಯಲ್ಲಿ ಪಕ್ಕದ ಮನೆಯ ಅಜ್ಜಿಯ ದನಿ ಕೇಳಿಸಿತು.

“ಸುಳ್ಳಲ್ಲ ನಾ ಹೇಳುದು. ಹಬ್ಬದ ದಿನ ಆ ಗಡಿಗೆ ಕೊರಿದ್ಲಲ್ಲ, ಅದ್ಕೇ ಹೀಂಗಾತು. ದೇವಿ ಮುಂದೆ ಮಸಣದ ಸಾಮಾನು ಇಟ್ರೆ ಮತ್ತೆಂತ ಆತದೆ?”

ಅತ್ತೆ ಏನೆಂದರೋ ಕೇಳಿಸಲಿಲ್ಲ. ನನಗೆ ಕೇಳಿಸಬೇಕಾದದ್ದು ಕೇಳಿಸಿಯಾಗಿತ್ತು. ಗಡಿಗೆಯೇ ಗರ್ಭ ಅಂದಿದ್ದರಲ್ಲ ಕಾಕಿ. ಅದನ್ನು ನಾನೇ ಕೈಯಾರೆ ಕೊರೆದು ಬಿರುಕು ಬಿಡಿಸಿದ್ದೆ. ಅಜ್ಜಿ ಹೇಳಿದ್ದು ನಿಜ ಅನ್ನಿಸಿಬಿಟ್ಟಿತು. ಅಂದಿನಿಂದ ದೇವರ ಕೋಣೆಯ ಹೊಸಿಲು ದಾಟುವುದನ್ನು ಬಿಟ್ಟೆ. ಹೂ ಕಟ್ಟಿ ಕೊಡುತ್ತಿದ್ದೆ. ಮಾಲೆಯನ್ನು ಹೊಸಿಲ ಈಚೆಯೇ ಇಟ್ಟು ಬರುತ್ತಿದ್ದೆ. ಅದನ್ನು ಅತ್ತೆ ನೋಡುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ನವರಾತ್ರಿಗೆ ಇನ್ನೂ ಕೆಲವು ದಿನಗಳಿದ್ದಾಗ ಒಂದು ಬೆಳಿಗ್ಗೆ ಅತ್ತೆ ನನ್ನ ಟ್ರಂಕಿನಿಂದ ಸೀರೆಯೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು.

“ಉಟ್ಕೊ. ಕುಮಟೆಗೆ ಹೋಗ್ವ.”

ಎಂತಕ್ಕೆ ಅಂತ ಕೇಳುವ ಶಕ್ತಿಯೂ ನನಗಿರಲಿಲ್ಲ. ಆಸ್ಪತ್ರೆಯ ಊರಿಗೆ ಮತ್ತೆ ಹೋಗುವುದು ಬೇಡವಾಗಿತ್ತು. ಆದರೂ ಸೀರೆ ಉಟ್ಟು ಹೊರಟೆ. ಬಸ್ಸು ತಿರುವುಗಳಲ್ಲಿ ಹೊರಳಿದಾಗ ಅವರ ಸೆರಗಿನ ಮೇಲೇ ವಾಂತಿ ಮಾಡಿಬಿಟ್ಟೆ. ಅವರು ಕಿಟಕಿಯಿಂದ ಸೆರಗು ಕೊಡವಿ, ನನ್ನ ಬಾಯಿ ಒರೆಸಿ, ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೋದದ್ದು ಕುಮಟೆಯ ಹೊರವಲಯದಲ್ಲಿದ್ದ ಕುಂಬಾರನ ಮನೆಗೆ. ಅಂಗಳದಲ್ಲಿ ಹಸಿ ಗಡಿಗೆಗಳು ಸಾಲಾಗಿ ಒಣಗುತ್ತಿದ್ದವು. ಕುಂಬಾರ ತಿಗರಿಯ ಮುಂದಿನಿಂದ ಎದ್ದು ಬಂದ.

“ಒಂದು ಗಡಿಗೆ ಬೇಕು” ಎಂದರು ಅತ್ತೆ. “ಹಸಿ ಇರೂವಾಗ್ಲೇ ಸುತ್ತ ತೂತು ಮಾಡಿ ಸುಡ್ಬೇಕು. ಸಣ್ಣ ಸಣ್ಣ ತೂತು. ಚೆಂದ ಇರ್ಬೇಕು.”

ಅವನು ಕೈಯ ಮಣ್ಣು ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ದನಿ ತಗ್ಗಿಸಿ ಕೇಳಿದ: “ಅಮ್ಮ, ಯಾರು ಹೋದ್ರು?”

“ಯಾರೂ ಹೋಗ್ಲಿಲ್ಲ. ಬರೋಳಿಗೆ ಬೇಕು. ನವರಾತ್ರಿಗೆ ದೇವಿ ಬತ್ತಾಳಲ್ಲ, ಅವಳ ದೀಪಕ್ಕೆ.”

“ಹಾಂಗೆಲ್ಲ ಮಾಡೂದಿಲ್ಲ ಅಮ್ಮ. ಆ ಗಡಿಗೆಗೂ ನಾವು ತೂತು ಮಾಡಿ ಕೊಡೂದಲ್ಲ. ಅದು ಅಲ್ಲಿ ಒಡಿಯೂದು.”

“ಅದೇ ಹೇಳ್ತೆ ನಾನೂ. ಅದು ಒಡಿಯುಕೆ. ಇದು ಇಟ್ಕೊಳ್ಳುಕೆ. ಎರಡೂ ಒಂದೇ ಅಂತ ಯಾರು ಹೇಳಿದ್ದು ನಿಂಗೆ?”

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಒಳಗಿಂದ ಬಂದು ನನ್ನ ಮುಖ ನೋಡಿದಳು. ಏನು ತಿಳಿಯಿತೋ, ಗಂಡನಿಗೆ “ನಿಮ್ಗಾಗ್ದಿದ್ರೆ ನಾ ಮಾಡ್ಕೊಡ್ತೆ” ಎಂದು ಒಂದು ಹಸಿ ಗಡಿಗೆ ಎತ್ತಿಕೊಂಡು, ತೆಂಗಿನ ಗರಿಯ ಕಡ್ಡಿ ಹಿಡಿದು ಕೂತಳು. “ಹೇಂಗೆ ಮಾಡುಕು ಹೇಳಿ.”

ಅತ್ತೆ ನನ್ನತ್ತ ತಿರುಗಿದರು. “ನೀನೇ ಹೇಳು. ನಾ ಕಂಡವಳಲ್ಲ.”

ನಾನು ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಎಷ್ಟೋ ದಿನದ ಮೇಲೆ ಬಾಯಿ ತೆರೆದೆ. ದನಿ ಒಡೆದಿತ್ತು. “ಇಲ್ಲಿ ಒಂದು ಸಾಲು. ಕೆಳಗೆ ಅಡ್ಡ ಸಾಲು… ನಡುವೆ ಹೂವಿನ ಹಾಗೆ.” ಹಸಿ ಮಣ್ಣು ಕಡ್ಡಿಗೆ ಎಷ್ಟು ಮೆತ್ತಗೆ ದಾರಿ ಬಿಟ್ಟಿತೆಂದರೆ, ಹಿಂದಿನ ವರ್ಷ ಸುಟ್ಟ ಗಡಿಗೆಯೊಂದಿಗೆ ನಾನು ಗುದ್ದಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಮರಳುವ ಬಸ್ಸಿಗೆ ಕಾಯುತ್ತ ಆಲದ ಮರದ ಕೆಳಗೆ ಕೂತಿದ್ದಾಗ ಅತ್ತೆ ಮಾತಾಡಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

“ನಿನ್ನ ಗಂಡನಿಗಿಂತ ಮುಂಚೆ ನಂಗೆ ಎರಡು ಮಕ್ಳು ಹೋಗಿದ್ವು. ನಿಂಗೆ ಯಾರೂ ಹೇಳ್ಲಿಲ್ಲ ಅಲ್ದಾ? ಮುಸ್ಸಂಜೆಲಿ ತಲೆ ಬಾಚಿದ್ದಕ್ಕೆ ಹೋಯ್ತು ಅಂದ್ರು ನನ್ನ ಅತ್ತೆ. ನಾ ಹೌದು ಅಂತಲೇ ನಂಬ್ದೆ. ವರ್ಷಗಟ್ಲೆ ಸಂಜೆ ಆದ್ರೆ ಬಾಚಣಿಗೆ ಅಡಗಿಸಿ ಇಡ್ತಿದ್ದೆ. ತಲೆ ಬಾಚಿದ್ರೆ ಮಗು ಸಾಯ್ತದೇನೆ? ಈಗ ಕೇಳಿದ್ರೆ ನಗು ಬತ್ತದೆ. ಆಗ ಬರ್ಲಿಲ್ಲ.” ಬಸ್ಸು ಬಂತೇ ಎಂದು ರಸ್ತೆಯತ್ತ ಬಗ್ಗಿ ನೋಡಿದರು. “ಗಡಿಗೆ ಎಸ್ದವಳು ನಾನು. ಹೆದರ್ಕೆಯಾಗಿ ಎಸ್ದೆ. ಅದ್ಕೆ ಇವತ್ತು ನಾನೇ ಮಾಡಿಸುಕೆ ಬಂದೆ. ನೀ ದೇವರ ಕೋಣೆಗೆ ಹೋಗ್ದೆ ಇರೂದು ಕಾಣೂದಿಲ್ಲ ಅಂದ್ಕಂಡ್ಯಾ?”

ನಾನು ತಲೆ ಅಲ್ಲಾಡಿಸಿದೆ. ಬಸ್ಸು ಬಂತು.

ಹಬ್ಬದ ಮೊದಲ ದಿನ ದೀಪ ಹಚ್ಚುವ ಹೊತ್ತಿಗೆ ಅಂಗಳದ ತುಳಸಿ ಕಟ್ಟೆಯ ಮುಂದೆ ಮಣೆ ಹಾಕಿ, ಕುಂಬಾರ ಸುಟ್ಟು ಕಳಿಸಿದ್ದ ಗಡಿಗೆ ಇಟ್ಟೆವು. ದೇವರ ಕೋಣೆಯ ನಂದಾದೀಪದಿಂದ ಬೆಂಕಿ ತಂದು ಒಳಗಿನ ಹಣತೆ ಹಚ್ಚಲು ಅತ್ತೆ ನನ್ನನ್ನೇ ಕಳಿಸಿದರು. ಹೊಸಿಲ ಬಳಿ ನಿಂತೆ. “ದಾಟು” ಎಂದರು ಹಿಂದಿನಿಂದ. ದಾಟಿದೆ.

ಕೇರಿಯ ಏಳೆಂಟು ಹೆಂಗಸರು ಬಂದಿದ್ದರು. ಅತ್ತೆಯೇ ಮನೆ ಮನೆಗೆ ಹೋಗಿ ಕರೆದು ಬಂದಿದ್ದರಂತೆ. ದಿನಾ ನಮಗೆ ತರಕಾರಿ ತಂದು ಕೊಡುತ್ತಿದ್ದ ಹಾಲಕ್ಕಿ ಒಕ್ಕಲಿನ ಹೆಂಗಸೂ ಕೊರಳ ತುಂಬ ಮಣಿಸರದೊಡನೆ ಬುಟ್ಟಿ ಬದಿಗಿಟ್ಟು ನಿಂತಿದ್ದಳು. ಗಡಿಗೆಯ ತೂತುಗಳಿಂದ ಬೆಳಕು ಸುತ್ತಲಿನ ಸಗಣಿ ಸಾರಿಸಿದ ನೆಲಕ್ಕೆ ಚುಕ್ಕಿ ಚುಕ್ಕಿಯಾಗಿ ಬಿತ್ತು. “ಅಬ್ಬ!” ಅಂದರು ಯಾರೋ. ಪಕ್ಕದ ಮನೆಯ ಅಜ್ಜಿ ಮಾತ್ರ ಜಗಲಿಯ ತುದಿಯಲ್ಲಿ ಕೂತು, “ಆಗ್ಬಾರದ್ದೆಲ್ಲ ಆಗ್ತಾ ಅದೆ, ನಂಗೇನು” ಎನ್ನುತ್ತಿದ್ದರು.

ಶುರುವಿನಲ್ಲೇ ಒಂದು ಪೇಚಾಟ. ಮುಂಬಯಿಯಲ್ಲಿ ನಾವು ಗಡಿಗೆಯನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಿದ್ದೆವು. ನಾನು ಹಾಗೆ ಹೆಜ್ಜೆ ಇಟ್ಟೊಡನೆ ಅತ್ತೆ ತಡೆದರು.

“ನಿಲ್ಲು ನಿಲ್ಲು. ದೇವಿಗೆ ಅಪ್ರದಕ್ಷಿಣೆ ಹಾಕುದೆಂತಕೆ? ಹಾಂಗೆ ಸುತ್ತೂದು ಮಸಣದಲ್ಲಿ ಮಾತ್ರ. ಬಲಕ್ಕೆ ಇಟ್ಕಂಡು ಸುತ್ತು.”

“ಮುಂಬಯಿಯಲ್ಲಿ ಎಲ್ಲರೂ ಹೀಗೇ ಸುತ್ತೋದು” ಅಂದೆ.

“ಅದು ಬೊಂಬಾಯಿ ದೇವಿ. ಇದು ನಮ್ಮನೆ ದೇವಿ. ಗಡಿಗೆಗೆ ನಾ ಒಪ್ದೆ, ಇದ್ಕೆ ನೀ ಒಪ್ಪು.”

ಎಲ್ಲರೂ ನಕ್ಕರು. ಇಷ್ಟು ವರ್ಷ ಒಂದು ದಿಕ್ಕಿಗೆ ಪಳಗಿದ ನನ್ನ ಕಾಲುಗಳು ಇನ್ನೊಂದು ದಿಕ್ಕಿಗೆ ತೊಡರಿ, ಕಲಿಸಬೇಕಾದವಳೇ ಮೊದಲು ಮುಗ್ಗರಿಸಿದೆ. ಹಾಡೂ ಇರಲಿಲ್ಲ. ನನಗೆ ಬರುತ್ತಿದ್ದದ್ದು ಗುಜರಾತಿ ಹಾಡು; ಅದನ್ನು ಎತ್ತಿದರೆ ಹಿಂದೆ ಹೇಳುವವರಿಲ್ಲ. ಆಗ ಹಾಲಕ್ಕಿ ಹೆಂಗಸು ಮುಂದೆ ಬಂದು, “ನಾ ಹೇಳ್ತೆ, ನೀವು ಕೈ ತಟ್ಟಿ” ಎಂದು ದೇವಿಯನ್ನು ಬಾಗಿಲಿಗೆ ಕರೆಯುವ ತಮ್ಮ ಕಡೆಯ ಹಾಡೊಂದನ್ನು ತೆಗೆದಳು. ಏನು ಕಂಠ! ಅಲೆಯ ಹಾಗೆ ಎದ್ದು ಬೀಳುವ ಧಾಟಿ. ನಮ್ಮ ಚಪ್ಪಾಳೆ ಅದಕ್ಕೆ ತಾನೇ ತಾನಾಗಿ ಕೂಡಿಕೊಂಡಿತು. ಒಂದು ಹೆಜ್ಜೆ ಮುಂದೆ, ಬಾಗು, ಚಪ್ಪಾಳೆ, ತಿರುಗು. ಸ್ವಲ್ಪ ಹೊತ್ತಿಗೆ ಸುತ್ತು ಒಂದಾಯಿತು.

ನನ್ನ ಮುಂದೆ ಅತ್ತೆ ಕುಣಿಯುತ್ತಿದ್ದರು. ಎತ್ತರದ ಆ ಹೆಂಗಸು ಇಷ್ಟು ಹಗುರವಾಗಿ ತಿರುಗಬಲ್ಲರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಾಗುವಾಗ ಗಡಿಗೆಯ ಬೆಳಕು ಅವರ ಮುಖದ ಮೇಲೆ ಚುಕ್ಕಿಯಿಡುತ್ತಿತ್ತು. ಒಂದು ತಿರುವಿನಲ್ಲಿ ನಾನೂ ಬಾಗಿದೆ. ಒಳಗಿನ ಕುಡಿ ತೂತಿನ ಮೂಲಕ ಕಣ್ಣಿಗೆ ಬಿತ್ತು, ಸಣ್ಣಗೆ, ಅಲುಗದೆ ಉರಿಯುತ್ತಿತ್ತು. ಇಷ್ಟು ದಿನ ಬಾರದ ಅಳು ಬಂದುಬಿಟ್ಟಿತು. ಸದ್ದು ಮಾಡಿ ಅಳತೊಡಗಿದೆ. ಹೆಜ್ಜೆ ನಿಂತಿತು. ಹಿಂದಿನವರು ನನಗೆ ಬಡಿದರು, ಹಾಡು ತಡವರಿಸಿತು.

ಅತ್ತೆ ತಿರುಗಿ ನನ್ನ ಎರಡೂ ಕೈ ಹಿಡಿದರು. “ನಿಲ್ಸಬೇಡ. ಅಳು, ಕುಣಿ. ಎರಡೂ ಒಟ್ಟಿಗೇ ಆತದೆ.” ಹಾಡುವವಳಿಗೆ, “ನೀ ಹೇಳೇ” ಎಂದರು. ಅವಳು ಮತ್ತೆ ಎತ್ತಿದಳು. ನಾನು ಅಳುತ್ತಲೇ ಕುಣಿದೆ. ಯಾರೂ ನನ್ನನ್ನು ಕೂರಿಸಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ನನ್ನ ಪಕ್ಕ ಬಂದವರೆಲ್ಲ ಚಪ್ಪಾಳೆಯ ನಡುವೆ ಒಮ್ಮೆ ನನ್ನ ಬೆನ್ನು ಮುಟ್ಟಿ ಮುಂದೆ ಹೋದರು. ಅವರಲ್ಲಿ ಎಷ್ಟು ಜನ ಹೀಗೆ ಕಳೆದುಕೊಂಡವರಿದ್ದರೋ. ಆಮೇಲೆ ಒಬ್ಬೊಬ್ಬರೇ ಬಾವಿಕಟ್ಟೆಯಲ್ಲಿ, ಹಪ್ಪಳ ಒಣಗಿಸುವಲ್ಲಿ, ತಮ್ಮ ತಮ್ಮದನ್ನು ನನಗೆ ಹೇಳಿದರು.

ಅಂದು ಆರತಿಯಾದ ಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ. ಅತ್ತೆ ನೋಡಿಯೂ ನೋಡದವರಂತೆ ಸಾರು ಮುಂದೆ ಸರಿಸಿದರು.

ಒಂಬತ್ತು ದಿನವೂ ನಡೆಯಿತು. ಒಂದು ಸಂಜೆ ಗುಡುಗು ಮಳೆ ಬಂದು ಗಡಿಗೆಯನ್ನು ಎತ್ತಿಕೊಂಡು ಜಗಲಿಗೆ ಓಡಿ, ಕಂಬಗಳ ನಡುವೆ ಇಕ್ಕಟ್ಟಿನಲ್ಲೇ ಕುಣಿದೆವು. ಮಾವನವರು ಹೆಂಗಸರಿಗೆ ಸಂಕೋಚವಾಗಬಾರದೆಂದು ಕುಣಿತ ಮುಗಿಯುವವರೆಗೆ ಅಂಗಡಿಯಲ್ಲೇ ಇರುತ್ತಿದ್ದರು; ಅಂಗಡಿಯಲ್ಲಿ ಗಿರಾಕಿ ಇಲ್ಲದ ದಿನ ಲಾಂಚಿನ ಧಕ್ಕೆಗೆ ಹೋಗಿ ಗಾಳಿಗೆ ಕೂತಿರುತ್ತಿದ್ದರಂತೆ. ಪಕ್ಕದ ಮನೆಯ ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಒಂಬತ್ತು ದಿನವೂ ಬಂದು, ಒಳ್ಳೆ ಜಾಗ ನೋಡಿ ಕೂತು, ಒಂಬತ್ತು ದಿನವೂ ಬೈದರು. ಕೊನೆಯ ದಿನ ನನ್ನನ್ನು ಕರೆದು, “ಬಾಗುವಾಗ ಸೆರಗು ದೀಪಕ್ಕೆ ತಾಗ್ತದೆ, ಹುಷಾರಿ. ಸಿಕ್ಕಿಸ್ಕೊ” ಎಂದು ತಾವೇ ನನ್ನ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಅವರ ಮೇಲೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅರವತ್ತೆರಡರಲ್ಲಿ ಮಗಳು ಹುಟ್ಟಿದಳು, ಎರಡು ವರ್ಷ ಬಿಟ್ಟು ಮಗ. ಅಷ್ಟರಲ್ಲಿ ನಮ್ಮವರಿಗೆ ಭಟ್ಕಳದ ಶಾಲೆಗೆ ವರ್ಗವಾಯಿತು. ಬಾಡಿಗೆ ಮನೆಯ ಅಂಗಳದಲ್ಲೂ ನವರಾತ್ರಿ ಬಿಡಲಿಲ್ಲ. ಅತ್ತೆ ಪ್ರತಿವರ್ಷ ಲಾಂಚಿನಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು, ಹಬ್ಬದ ಮುನ್ನಾದಿನ ಬಂದಿಳಿಯುತ್ತಿದ್ದರು. ಗೋಡೆಯಾಚೆ ನವಾಯತ ಮುಸ್ಲಿಮರ ಮನೆ. ಅಲ್ಲಿಯ ಹಿರಿಯಾಕೆ ಮೊದಲ ವರ್ಷದ ಒಂದು ಸಂಜೆ ಮಹಡಿಯ ಕಿಟಕಿಯ ಬಾಗಿಲ ಸಂದಿಯಿಂದ ನಮ್ಮ ಕುಣಿತ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಅವರ ಮನೆಯ ಹುಡುಗಿ ಬಾಳೆಲೆಯಲ್ಲಿ ಮಲ್ಲಿಗೆಯ ದಂಡೆಗಳನ್ನು ತಂದು, “ಕುಣಿಯೋರೆಲ್ಲ ಮುಡ್ಕೊಳ್ಳಿ ಅಂತ ಹೇಳಿದ್ರು” ಎಂದು ಕೊಟ್ಟಳು. ಆ ಮೇಲೆ ನಾವು ಭಟ್ಕಳದಲ್ಲಿದ್ದಷ್ಟು ವರ್ಷ ನವರಾತ್ರಿಗೆ ಆ ಮನೆಯ ಮಲ್ಲಿಗೆ ತಪ್ಪಲಿಲ್ಲ. ಅವರ ಈದ್‌ಗೆ ನಾನು ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದೆ.

ಅತ್ತೆ ಕೊನೆಯ ಸಲ ಬಂದಾಗ ಮಂಡಿನೋವು. ಕುಣಿಯಲಾಗದೆ ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ಹಾಕಿದರು. ದಿಕ್ಕು ತಪ್ಪಿದವರನ್ನು ಕೂತಲ್ಲಿಂದಲೇ ತಿದ್ದಿದರು. ಒಂದು ಮಧ್ಯಾಹ್ನ ಅವರ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದ ಮಾತು. ನಮ್ಮ ಮನೆಗಳಲ್ಲಿ ಉಪಕಾರವಾಯಿತು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಅದು ಭಾಷಣದವರ ಮಾತು. ಹಾಗಾಗಿ ಬಳಸಿ ಬಳಸಿ ಶುರುಮಾಡಿದೆ.

“ಅತ್ತೆ, ಅವತ್ತು ನೀವು ನನ್ನನ್ನು ಕುಮಟೆಗೆ ಕರ್ಕೊಂಡು ಹೋಗದೇ ಇದ್ದಿದ್ರೆ…”

“ನನ್ನ ಒಳ್ಳೆ ಸೀರೆ ಉಳೀತಿತ್ತು” ಎಂದರು ಅವರು ಕಣ್ಣು ಮುಚ್ಚಿಕೊಂಡೇ. “ಎಷ್ಟು ಒಗ್ದ್ರೂ ಆ ವಾಸನೆ ಹೋಗ್ಲಿಲ್ಲ ಮಾರಾಯ್ತಿ.”

ನಾನು ನಕ್ಕೆ. ಅವರೂ ನಕ್ಕರು. ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, “ಎಡಗಾಲಿಗೆ ಇನ್ನೊಂದು ಸ್ವಲ್ಪ ತಿಕ್ಕು” ಎಂದರು. ನಾನು ತಿಕ್ಕಿದೆ. ಅವರಿಗೆ ಹಾಗೆಯೇ ನಿದ್ದೆ ಬಂತು.